ಒಂದು ಸರ್ಟಿಫಿಕೇಟ್, ಐದು ಕಚೇರಿ: ಅಡಿಕೆ ಮರದಿಂದ ಬಿದ್ದವರೊಬ್ಬರ ಸೌಲಭ್ಯಗಳ ಪ್ರಕರಣ

2023ರ ನವೆಂಬರ್, ಅಡಿಕೆ ಗೊನೆ ಕೊಯ್ಲಿನ ಕಾಲ. ಮಲೆನಾಡಿನ ಒಂದು ಹಳ್ಳಿಯಲ್ಲಿ 36 ವರ್ಷದ ಕೊನೆಗೌಡರೊಬ್ಬರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವರು, ಮರದಿಂದ ಬಿದ್ದರು. ಸೊಂಟಕ್ಕಿಂತ ತುಸು ಮೇಲೆ ಬೆನ್ನುಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾಯಿತು. ಆಯುಷ್ಮಾನ್ ಕಾರ್ಡಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು, 38 ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದಾಗ ತೊಡೆಯಲ್ಲಿ ಅಷ್ಟಿಷ್ಟು ಬಲವಿತ್ತು, ಪಾದಗಳಲ್ಲಿ ಚಲನೆಯೇ ಇರಲಿಲ್ಲ. ಮನೆಯಲ್ಲಿ ಹೆಂಡತಿ, ಏಳನೇ ಕ್ಲಾಸಿನ ಮಗಳು, 68 ವರ್ಷದ ತಾಯಿ. ಜಮೀನಿಲ್ಲ, ಬಿಪಿಎಲ್ ಕಾರ್ಡ್ ಇದೆ.

ಇದು ಒಬ್ಬರದೇ ಕಡತ ಅಲ್ಲ. ಬೆನ್ನುಹುರಿ ಪೆಟ್ಟಿನ ಕುಟುಂಬಗಳ ಅರ್ಜಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಒಂದು ಪ್ರಕರಣವಾಗಿ ಜೋಡಿಸಿದ್ದೇವೆ. ಹೆಸರು, ಊರು, ಕಚೇರಿ ಬಿಟ್ಟಿದ್ದೇವೆ. ನಿಯಮ, ಮೊತ್ತ, ಲೆಕ್ಕ ಎಲ್ಲವೂ ಕರ್ನಾಟಕದಲ್ಲಿ ಈಗ ನಡೆಯುತ್ತಿರುವಂಥವು.

ಈ ಕಡತ ಓದುವಾಗ ಒಂದು ವಿಷಯ ತಲೆಯಲ್ಲಿರಲಿ. ಅಂಗವಿಕಲ ಸರ್ಟಿಫಿಕೇಟ್ ಒಂದೇ ಆದರೂ ಎಲ್ಲ ಕಚೇರಿಗಳೂ ಅದರಲ್ಲಿ ಒಂದೇ ಸಾಲನ್ನು ಓದುವುದಿಲ್ಲ. ಮಾಸಾಶನದವರು ಶೇಕಡಾವಾರು ನೋಡುತ್ತಾರೆ. ವಿಮೆಯವರಿಗೆ ಶೇಕಡಾವಾರು ಬೇಡ, 'ಎರಡೂ ಪಾದಗಳ ಬಳಕೆ ಪೂರ್ತಿ ಹೋಗಿದೆ' ಎಂಬ ಮಾತು ಬೇಕು. ರೈಲ್ವೆಯವರು ಕೇಳುವುದು ಜೊತೆಗಾರರಿಲ್ಲದೆ ಪ್ರಯಾಣ ಸಾಧ್ಯವೇ ಎಂದು. ಸಾಧನ ಕೊಡುವವರಿಗೆ ಶೇ 80ರ ಗೆರೆ ಮುಖ್ಯ. ತಪಾಸಣೆಯ ದಿನ ಒಂದು ಸಾಲು ತಪ್ಪಿದರೆ ಆ ಒಂದು ಕಚೇರಿಯ ಬಾಗಿಲು ಮುಚ್ಚಿತು ಎಂದೇ ಅರ್ಥ.

ಬಿದ್ದ ದಿನದ ಚೀಟಿ

ಸೌಲಭ್ಯದ ಕಡತ ಶುರುವಾಗುವುದು ಅಂಗವಿಕಲ ಸರ್ಟಿಫಿಕೇಟಿನಿಂದ ಎಂದು ಎಲ್ಲರೂ ತಿಳಿದಿದ್ದಾರೆ. ನಿಜಕ್ಕೂ ಅದು ಶುರುವಾಗುವುದು ಬಿದ್ದ ದಿನ ಮೊದಲ ಆಸ್ಪತ್ರೆಯಲ್ಲಿ ಬರೆಯುವ ಚೀಟಿಯಿಂದ. ಈ ಪ್ರಕರಣದಲ್ಲಿ ತಾಲ್ಲೂಕು ಆಸ್ಪತ್ರೆಯ ಡಾಕ್ಟರು 'ಅಡಿಕೆ ಮರದಿಂದ ಬಿದ್ದದ್ದು' ಎಂದು ಸ್ಪಷ್ಟವಾಗಿ ಬರೆದಿದ್ದರು. ಆ ಮೂರು ಪದ ಮುಂದೆ ಎರಡು ಲಕ್ಷ ರೂಪಾಯಿಯ ಪ್ರಶ್ನೆಯಾಯಿತು.

ಅದು ಗೊತ್ತಾಗಿದ್ದು ಐದು ತಿಂಗಳ ನಂತರ. ಹೆಂಡತಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದಾಗ ಅಪಘಾತಕ್ಕೂ ಮುಂಚಿನ ಮೇ ತಿಂಗಳ ಸಾಲಿನಲ್ಲಿ ಗಂಡನ ಖಾತೆಯಿಂದ 20 ರೂಪಾಯಿ ಕಳೆದಿದ್ದು ಕಂಡಿತು. ಪಕ್ಕದಲ್ಲಿದ್ದದ್ದು 'ಪಿಎಂಎಸ್‌ಬಿವೈ' ಎಂಬ ಅಕ್ಷರಗಳು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಜೂನ್ 1ರಿಂದ ಮರುವರ್ಷದ ಮೇ 31ರವರೆಗೆ ವರ್ಷಕ್ಕೆ 20 ರೂ. ಕಂತು. ಅಪಘಾತದಲ್ಲಿ ತೀರಿಕೊಂಡರಷ್ಟೇ ಅಲ್ಲ, ಎರಡೂ ಕೈ ಅಥವಾ ಎರಡೂ ಪಾದಗಳ ಬಳಕೆ ಪೂರ್ತಿಯಾಗಿ, ಮರಳಿ ಬಾರದಂತೆ ಹೋದರೂ 2 ಲಕ್ಷ ಸಿಗುತ್ತದೆ. ಒಂದು ಪಾದವಾದರೆ 1 ಲಕ್ಷ. ಕುಟುಂಬದವರು ಇದನ್ನು ಸತ್ತರೆ ಮಾತ್ರ ಬರುವ ದುಡ್ಡು ಅಂದುಕೊಂಡಿದ್ದರು. ಬಹಳಷ್ಟು ಮನೆಗಳಲ್ಲಿ ಹಾಗೇ ಅಂದುಕೊಂಡಿರುತ್ತಾರೆ, ಹಣ ಅಲ್ಲೇ ಉಳಿದುಹೋಗುತ್ತದೆ.

ವಾಹನ ಅಪಘಾತಕ್ಕೆ ಈ ಯೋಜನೆಯಲ್ಲಿ ಪೊಲೀಸ್ ದೂರು ಬೇಕು. ಹಾವು ಕಚ್ಚಿದ್ದು, ಮರದಿಂದ ಬಿದ್ದದ್ದು ಇಂಥವಕ್ಕೆ ಕೂಡಲೇ ತೋರಿಸಿದ ಆಸ್ಪತ್ರೆಯ ದಾಖಲೆ ಸಾಕು. ಅದಕ್ಕೇ ಆ ಮೊದಲ ಚೀಟಿಗೆ ಅಷ್ಟು ಬೆಲೆ. ತೋಟದವರಿಗೆ ತೊಂದರೆ ಆಗದಿರಲಿ ಎಂದು 'ಮನೆಯಲ್ಲಿ ಜಾರಿ ಬಿದ್ದದ್ದು' ಎಂದು ಬರೆಸುವ ರೂಢಿ ಕೆಲವು ಕಡೆ ಇದೆ. ದಯವಿಟ್ಟು ಹಾಗೆ ಬರೆಸಬೇಡಿ. ಡಿಸ್ಚಾರ್ಜ್ ಸಮ್ಮರಿಯಲ್ಲೂ ಅದೇ ಮಾತು ಬಂದಿದೆಯೇ ಎಂದು ಆಸ್ಪತ್ರೆ ಬಿಡುವ ಮೊದಲೇ ಓದಿಸಿ ನೋಡಿ.

ಕ್ಲೇಮನ್ನು ಖಾತೆ ಇರುವ ಶಾಖೆಗೆ 30 ದಿನದೊಳಗೆ ಕೊಡಬೇಕು. ಸರ್ಟಿಫಿಕೇಟ್ ಆಗಿಲ್ಲ ಎಂದು ಕಾಯುವುದು ತಪ್ಪು. ಅಪಘಾತ ಆಗಿದೆ, ಚಿಕಿತ್ಸೆ ನಡೆಯುತ್ತಿದೆ ಎಂದು ಒಂದು ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡರೆ ದಿನಾಂಕ ಉಳಿಯುತ್ತದೆ. ಇವರು ತಡವಾಗಿ ಹೋದರು. ಆಸ್ಪತ್ರೆಯ ದಾಖಲೆಗಳ ಜೊತೆ ತಡಕ್ಕೆ ಕಾರಣ ಬರೆದುಕೊಟ್ಟ ಮೇಲೆ ಶಾಖೆಯವರು ಕಡತವನ್ನು ವಿಮಾ ಕಂಪನಿಗೆ ಕಳಿಸಿದರು.

ಆರು ತಿಂಗಳು, ಆಮೇಲೆ ಶೇ 70

2024ರ ಜನವರಿಯಲ್ಲಿ ಕುಟುಂಬ ಗಾಡಿ ಬಾಡಿಗೆ ಮಾಡಿಕೊಂಡು ಅಂಗವಿಕಲತೆ ಅಳೆದು ಸರ್ಟಿಫಿಕೇಟ್ ಕೊಡುವ ಜಿಲ್ಲಾ ಆಸ್ಪತ್ರೆಯ ವೈದ್ಯಕೀಯ ಬೋರ್ಡಿಗೆ ಹೋಯಿತು. ಸರ್ಟಿಫಿಕೇಟ್ ಆಗಲಿಲ್ಲ. ನರಕ್ಕೆ ಸಂಬಂಧಿಸಿದ ಅಂಗವಿಕಲತೆಯನ್ನು ಅಳೆಯುವುದು ಪೆಟ್ಟಾದ ಆರು ತಿಂಗಳ ನಂತರ. ಅದಕ್ಕೂ ಮೊದಲು ನರ ಎಷ್ಟು ಚೇತರಿಸಿಕೊಳ್ಳುತ್ತದೆ ಎಂದು ಹೇಳಲಾಗದು. ಕಾಲು ಕತ್ತರಿಸಿದವರಿಗೆ ಈ ಕಾಯುವಿಕೆ ಇಲ್ಲ. ಪಕ್ಕದ ಊರಿನ ಒಬ್ಬರಿಗೆ ಒಂದೇ ತಿಂಗಳಲ್ಲಿ ಆಯಿತಲ್ಲ ಎಂದು ಇವರು ಹೊರಟಿದ್ದರು. ಆ ಪ್ರಯಾಣದಲ್ಲಿ ಸಿಕ್ಕಿದ್ದು ಟೈಲ್‌ಬೋನಿನ ಮೇಲೆ ಒಂದು ಹುಣ್ಣು ಮಾತ್ರ. ಬೆನ್ನುಹುರಿ ಪೆಟ್ಟಾದವರಿಗೆ ಸೀಟಿನ ಒತ್ತಡ ಗೊತ್ತಾಗುವುದಿಲ್ಲ. 15–20 ನಿಮಿಷಕ್ಕೊಮ್ಮೆ ಕೈ ಊರಿ ಕುಂಡೆ ಎತ್ತಿ ಇಳಿಸಬೇಕು, ಇಲ್ಲವೇ ಜೊತೆಯವರು ಮೈ ಹೊರಳಿಸಬೇಕು. ಎರಡು ಗಂಟೆ ಗಟ್ಟಿ ಸೀಟಿನಲ್ಲಿ ಅಲುಗದೆ ಕೂತರೆ ಚರ್ಮ ಕೆಡುತ್ತದೆ. ಆ ಹುಣ್ಣು ಮಾಯಲು ಎರಡೂವರೆ ತಿಂಗಳು ಬೇಕಾಯಿತು.

ಜೂನಿನಲ್ಲಿ ಎರಡನೇ ಸಲ ಹೋಗುವಾಗ ತಯಾರಿ ಚೆನ್ನಾಗಿತ್ತು. ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ (ಅಂಗವಿಕಲರ ಗುರುತಿನ ಕಾರ್ಡ್) ಅರ್ಜಿ ಹಾಕಿಸಿ ಆಸ್ಪತ್ರೆ ಆಯ್ದುಕೊಟ್ಟಿದ್ದರು. ಬೋರ್ಡ್ ಕೂರುವ ವಾರವನ್ನು ಫೋನಿನಲ್ಲಿ ಕೇಳಿಕೊಂಡಿದ್ದರು. ಅರ್ಜಿಗೆ ಶುಲ್ಕವಿಲ್ಲ. ಆಧಾರ್‌ನಲ್ಲಿ ಇರುವ ಹಾಗೇ ಹೆಸರು ಬರೆಯಬೇಕು. ಇನಿಷಿಯಲ್ ಹಿಂದು ಮುಂದಾದರೂ ಮುಂದೆ ಮಾಸಾಶನದ ಹೊತ್ತಿಗೆ ಹೊಂದಾಣಿಕೆ ಆಗುವುದಿಲ್ಲ.

ಬೋರ್ಡಿನಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಡಾಕ್ಟರು ಕಾಲಿನ ಒಂದೊಂದೇ ಸ್ನಾಯುವಿನ ಬಲ ನೋಡಿದರು, ಪಿನ್ನಿನಿಂದ ಸ್ಪರ್ಶ ನೋಡಿದರು. ಕೊನೆಗೆ "ಯೂರಿನ್ ಬರೋದು ಗೊತ್ತಾಗುತ್ತಾ?" ಎಂದು ಕೇಳಿದರು. "ಗೊತ್ತಾಗುತ್ತೆ ಸಾರ್" ಎಂದರು ಇವರು. ಸುಳ್ಳೇನಲ್ಲ, ಗೊತ್ತಾಗುತ್ತದೆ. ಆದರೆ ಗೊತ್ತಾದ ಮೇಲೆ ತಡೆಯಲು ಬರುವುದಿಲ್ಲ, ಅರೆ ನಿಮಿಷದಲ್ಲಿ ಬಟ್ಟೆ ಒದ್ದೆ. ಅವತ್ತು ಬೆಳಿಗ್ಗೆ ಡಯಾಪರ್ ಹಾಕಿ ಮೇಲೆ ಪ್ಯಾಂಟ್ ತೊಡಿಸಿಯೇ ಹೆಂಡತಿ ಕರೆತಂದಿದ್ದರು. ಬಾಗಿಲ ಹತ್ತಿರ ನಿಂತಿದ್ದ ಅವರು, ಅಷ್ಟು ಜನರ ಮುಂದೆ ಹೇಗೆ ಹೇಳುವುದು ಎಂದು ಸುಮ್ಮನಾದರು. ಹಾಳೆಯಲ್ಲಿ ಮೂತ್ರಕೋಶದ ಜಾಗ ಖಾಲಿ ಉಳಿಯಿತು. ಎರಡೂ ಕಾಲಿಗೆ ಸೇರಿ ಶೇ 70 ಆಯಿತು. ಇನ್ನೂ ಚೇತರಿಕೆಯ ಸಾಧ್ಯತೆ ಇದೆ ಎಂದು ಒಂದು ವರ್ಷದ ತಾತ್ಕಾಲಿಕ ಸರ್ಟಿಫಿಕೇಟ್. ಕಾರ್ಡಿನ ಬಣ್ಣ ಹಳದಿ. ಶೇ 40ರಿಂದ 79ರವರೆಗೆ ಹಳದಿ, 80 ಮತ್ತು ಮೇಲೆ ನೀಲಿ, 40ಕ್ಕಿಂತ ಕಡಿಮೆ ಇದ್ದರೆ ಬಿಳಿ.

ಶೇ 70ರಲ್ಲಿ ತಪ್ಪೇನಿದೆ ಎಂದು ಆಗ ಯಾರಿಗೂ ಅನಿಸಲಿಲ್ಲ. ಶೇ 40 ದಾಟಿತಲ್ಲ, ಸಾಕು ಎಂದುಕೊಂಡರು.

ಮಾಸಾಶನ: ಮೊದಲು ಆದಾಯ, ಆಮೇಲೆ ಬ್ಯಾಂಕು

ಕರ್ನಾಟಕದಲ್ಲಿ ಅಂಗವಿಕಲ ಮಾಸಾಶನ ಕೊಡುವುದು ಕಂದಾಯ ಇಲಾಖೆಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯ. ಅರ್ಜಿ ನಾಡಕಚೇರಿಯಲ್ಲಿ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಮಾಸಾಶನದ ಸಂಬಂಧವಿಲ್ಲ. ಅಲ್ಲಿ ಸಿಗುವುದು ಸಾಧನ, ವಾಹನ, ವಿದ್ಯಾರ್ಥಿವೇತನ ಮುಂತಾದವು. ಜಿಲ್ಲಾ ಕಚೇರಿಗೆ ಹೋಗಿ ಪೆನ್ಷನ್ ಕೇಳಿ ಬರಿಗೈಯಲ್ಲಿ ಬರುವವರು ಬಹಳ.

ಶೇ 40ರಿಂದ 75ರ ಒಳಗಿದ್ದವರಿಗೆ ತಿಂಗಳಿಗೆ 800 ರೂ., 75ಕ್ಕಿಂತ ಹೆಚ್ಚಿದ್ದರೆ 1,400 ರೂ. ಕುಟುಂಬದ ವಾರ್ಷಿಕ ಆದಾಯ 32,000 ರೂ. ಮೀರಬಾರದು.

2024ರ ಆಗಸ್ಟಿನಲ್ಲಿ ಹಾಕಿದ ಮೊದಲ ಅರ್ಜಿ ಆದಾಯದ ಕಾರಣಕ್ಕೇ ತಿರಸ್ಕೃತವಾಯಿತು. ಎರಡು ವರ್ಷದ ಹಿಂದೆ ಮಗಳ ಸ್ಕಾಲರ್‌ಶಿಪ್‌ಗೆ ಮಾಡಿಸಿದ ಆದಾಯ ಪ್ರಮಾಣಪತ್ರವನ್ನೇ ಲಗತ್ತಿಸಿದ್ದರು. ಅದರಲ್ಲಿ 48,000 ಎಂದಿತ್ತು. ಪ್ರಮಾಣಪತ್ರಕ್ಕೆ ಐದು ವರ್ಷ ಮಾನ್ಯತೆ ಇದೆ, ಹೊಸದು ಯಾಕೆ ಎಂದು ಅರ್ಜಿ ಹಾಕಿಕೊಟ್ಟ ಅಂಗಡಿಯವರು ಹಳೆಯದನ್ನೇ ಅಪ್ಲೋಡ್ ಮಾಡಿದ್ದರು. ಮಾನ್ಯತೆ ಇರುವುದು ನಿಜ, ಆದರೆ ಅದು ದುಡಿಯುವವರು ಮರ ಹತ್ತುತ್ತಿದ್ದ ಕಾಲದ ಆದಾಯ. ಹೊಸ ಅರ್ಜಿ ಹಾಕಿ, ಡಿಸ್ಚಾರ್ಜ್ ಸಮ್ಮರಿ ಮತ್ತು ಅಂಗವಿಕಲ ಸರ್ಟಿಫಿಕೇಟ್ ಜೊತೆಗಿಟ್ಟು, ದುಡಿಮೆ ನಿಂತಿದೆ ಎಂದು ಗ್ರಾಮ ಆಡಳಿತಾಧಿಕಾರಿಗೆ ಹೇಳಿ ಸ್ಥಳ ಪರಿಶೀಲನೆ ಮಾಡಿಸಿಕೊಳ್ಳಬೇಕಿತ್ತು. ಹಾಗೇ ಮಾಡಿದರು. ಆಗ ಮನೆಗೆ ಇದ್ದದ್ದು ಹೆಂಡತಿ ಅಡಿಕೆ ಸುಲಿಯಲು ಹೋಗುವ ನಾಲ್ಕು ತಿಂಗಳ ಕೂಲಿ ಮಾತ್ರ. ಗಂಡನನ್ನು ಬಿಟ್ಟು ಪೂರ್ತಿ ದಿನ ಹೋಗಲೂ ಆಗುತ್ತಿರಲಿಲ್ಲ.

32,000ದ ಮಿತಿಯ ಬಗ್ಗೆ ನೇರವಾಗಿ ಹೇಳಬೇಕು. ಇದು ದಿನಕ್ಕೆ 88 ರೂಪಾಯಿ. ಬಿಪಿಎಲ್ ಕಾರ್ಡಿಗೆ ಸರ್ಕಾರವೇ ಇಟ್ಟಿರುವ ಮಿತಿ 1.20 ಲಕ್ಷ. ಹೆಂಡತಿ ವರ್ಷದಲ್ಲಿ ನೂರಿಪ್ಪತ್ತು ದಿನ ಪೂರ್ತಿ ಕೂಲಿ ಮಾಡಿದರೂ ಗಂಡನ ಮಾಸಾಶನಕ್ಕೆ ಕುತ್ತು. ದುಡಿಯಬೇಡಿ ಎಂದು ಹೇಳುವ ಮಿತಿ ಇದು.

ಮೊತ್ತದಲ್ಲೂ ಒಂದು ಅನ್ಯಾಯ ಇದೇ ಮನೆಯೊಳಗೆ ಕಾಣುತ್ತದೆ. 65 ದಾಟಿದ ತಾಯಿಗೆ ಸಂಧ್ಯಾ ಸುರಕ್ಷಾದಲ್ಲಿ 1,200 ರೂ. ಬರುತ್ತಿತ್ತು. ಹಾಸಿಗೆ ಹಿಡಿದ ಮಗನಿಗೆ 800 ರೂ. ಮಂಜೂರಾಯಿತು. ಇತರರಿಗಿರುವ ಅಂಥದೇ ಯೋಜನೆಗಿಂತ ಅಂಗವಿಕಲರಿಗೆ ಕೊಡುವ ನೆರವು ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. 1,200ಕ್ಕೆ ಶೇ 25 ಸೇರಿಸಿದರೆ 1,500. ಶೇ 75 ದಾಟಿದವರ 1,400 ಕೂಡ ಅದಕ್ಕಿಂತ ಕಡಿಮೆ.

ಅಕ್ಟೋಬರಿನಲ್ಲಿ ಆದೇಶ ಪ್ರತಿ ಕೈಗೆ ಬಂತು, ಹಣ ಬರಲಿಲ್ಲ. ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ಅರ್ಜಿಯಲ್ಲಿ ಬರೆದ ಖಾತೆ ಸರಿಯಾಗಿತ್ತು, ಪಾಸ್‌ಬುಕ್ ಜೆರಾಕ್ಸ್ ಕೂಡ ಕೊಟ್ಟಿದ್ದರು. ಆದರೆ ಮಾಸಾಶನ ಜಮಾ ಆಗುವುದು ಖಾತೆ ಸಂಖ್ಯೆ ನೋಡಿ ಅಲ್ಲ, ಆಧಾರ್ ನೋಡಿ. ಒಬ್ಬರಿಗೆ ಎಷ್ಟು ಖಾತೆಗಳಿದ್ದರೂ ಬ್ಯಾಂಕುಗಳ ನಡುವೆ ಹಣ ದಾಟಿಸುವ ಸಂಸ್ಥೆಯಾದ ಎನ್‌ಪಿಸಿಐ ಪಟ್ಟಿಯಲ್ಲಿ ಆಧಾರ್‌ಗೆ ಜೋಡಣೆಯಾಗಿರುವುದು ಒಂದೇ ಬ್ಯಾಂಕು, ಅದೂ ಕೊನೆಯದಾಗಿ ಸೀಡಿಂಗ್ (ಸರ್ಕಾರದ ಹಣ ಬರಲು ಆಧಾರ್ ಜೊತೆ ಖಾತೆ ಜೋಡಿಸುವುದು) ಆದದ್ದು. 'ಆಧಾರ್ ಲಿಂಕ್ ಆಗಿದೆ' ಎಂದು ಬ್ಯಾಂಕಿನವರು ಹೇಳಿದರೆ ಅದು ಗುರುತು ದೃಢಪಡಿಸುವ ಕೆವೈಸಿಯ ಲಿಂಕ್ ಇರಬಹುದು, ಸೀಡಿಂಗ್ ಬೇರೆಯೇ ಸಂಗತಿ. ಇವರ ಸೀಡಿಂಗ್ ಇದ್ದದ್ದು ವರ್ಷಗಳ ಹಿಂದೆ ಗ್ಯಾಸ್ ಸಬ್ಸಿಡಿಗೆಂದು ತೆರೆದ ಇನ್ನೊಂದು ಬ್ಯಾಂಕಿನ ಖಾತೆಗೆ. ವ್ಯವಹಾರವಿಲ್ಲದೆ ಅದು ನಿಷ್ಕ್ರಿಯವಾಗಿತ್ತು.

ಪತ್ತೆಯಾದ ದಾರಿ ಸರಳ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಯಾವ ಬ್ಯಾಂಕು ಎಂದು ಬರುತ್ತದೆ. ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಸರ್ಕಾರ ಕಳಿಸಿದ ಹಣ ಎಲ್ಲಿಗೆ ಹೋಯಿತು ಎಂದೂ ಕಾಣುತ್ತದೆ. ಎರಡಕ್ಕೂ ಆಧಾರ್‌ನಲ್ಲಿರುವ ಮೊಬೈಲಿಗೆ ಓಟಿಪಿ ಬರಬೇಕು. ಇವರ ಆಧಾರ್‌ನಲ್ಲಿದ್ದ ನಂಬರು ಯಾವತ್ತೋ ಬಂದ್ ಆಗಿತ್ತು. ಮೊದಲು ಮೊಬೈಲ್ ನಂಬರು ಬದಲಾಯಿಸಿ, ಆಮೇಲೆ ಈಗ ಬಳಸುವ ಬ್ಯಾಂಕಿನಲ್ಲಿ ಸೀಡಿಂಗ್ ಒಪ್ಪಿಗೆ ಫಾರಂ ತುಂಬಿ, ನಾಡಕಚೇರಿಗೆ ತಿಳಿಸಬೇಕಾಯಿತು. ಮೂವತ್ತಾರು ವರ್ಷದವರದ್ದಾದರೂ ಬೆರಳಚ್ಚು ಬೀಳುತ್ತಿರಲಿಲ್ಲ. ಹದಿನೈದು ವರ್ಷ ಮರ ಹತ್ತಿದ ಅಂಗೈ ಅದು. ಇಂಥವರಿಗೆ ಕಣ್ಣಿನ ಪಾಪೆಯ ಸ್ಕ್ಯಾನ್ ಕೇಳಬೇಕು. 2025ರ ಜನವರಿಯಲ್ಲಿ ಮೊದಲ ಸಲ ಹಣ ಬಂತು.

ಮಾಸಾಶನದ ತೊಂದರೆ ಇದ್ದರೆ 155245ಕ್ಕೆ ಫೋನ್ ಮಾಡಬಹುದು. ಮಾಡುವಾಗ ಅರ್ಜಿಯ ಸ್ವೀಕೃತಿ ಸಂಖ್ಯೆ ಕೈಯಲ್ಲಿರಲಿ, 'ಬಂದಿಲ್ಲ' ಎನ್ನುವ ಬದಲು ಆದೇಶದ ದಿನಾಂಕ ಹೇಳಿ ಕೇಳಿ.

ಮೂರು ದಿನದ ಹಾಳೆ

ತಾತ್ಕಾಲಿಕ ಸರ್ಟಿಫಿಕೇಟಿನ ಅವಧಿ 2025ರ ಜೂನಿಗೆ ಮುಗಿಯುವುದಿತ್ತು. ಅವಧಿ ಮುಗಿದರೆ ಮಾಸಾಶನ ನಿಲ್ಲುವ ಅಪಾಯವಿದೆ. ಹಾಗಾಗಿ ಎರಡು ತಿಂಗಳು ಮೊದಲೇ ಮರು ತಪಾಸಣೆಗೆ ಓಡಾಟ ಶುರುವಾಯಿತು. ಮೊದಲ ಶೇಕಡಾವಾರಿನ ಮೇಲೆ ಮೇಲ್ಮನವಿ ಹಾಕಲು 90 ದಿನ ಇರುತ್ತದೆ, ಅದು ಎಂದೋ ಕಳೆದಿತ್ತು. ಅವಧಿ ಮುಗಿಯುವುದೇ ಇಲ್ಲಿ ಒಂದು ಅವಕಾಶವಾಯಿತು.

ಈ ಸಲ ಫಿಸಿಯೋಥೆರಪಿಸ್ಟ್ ಒಬ್ಬರು ಕೇಳಿದ್ದು ಬೇರೆ ಪ್ರಶ್ನೆ: "ಅರ್ಜೆಂಟ್ ಅನ್ನಿಸಿದ ಮೇಲೆ ಎಷ್ಟು ಹೊತ್ತು ತಡ್ಕೊಳ್ತೀರಿ?" ಉತ್ತರ ಕೇಳಿ ಅವರು ಮೂರು ದಿನದ ಹಾಳೆ ಬರೆಯಲು ಹೇಳಿದರು. ಎಷ್ಟು ಗಂಟೆಗೆ ಎಷ್ಟು ನೀರು ಕುಡಿದರು, ಎಷ್ಟು ಗಂಟೆಗೆ ಎಷ್ಟು ಮಿಲಿಲೀಟರ್ ಮೂತ್ರ, ಬಟ್ಟೆ ಒದ್ದೆಯಾದದ್ದು ಎಷ್ಟು ಸಲ. ಮಗಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಳು, ಅಳತೆಗೆ ಹಳೆಯ ಪ್ಲಾಸ್ಟಿಕ್ ಜಗ್ಗು. ಆ ಹಾಳೆ ಹಿಡಿದು ಮೂತ್ರಶಾಸ್ತ್ರ ತಜ್ಞರ ಬಳಿ ಹೋಗಿ, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಎಂಬ ಸ್ಕ್ಯಾನಿಂಗ್ ಮಾಡಿಸಿ, ಬೆನ್ನುಹುರಿ ಪೆಟ್ಟಿನಿಂದಲೇ ಮೂತ್ರಕೋಶದ ಹಿಡಿತ ತಪ್ಪಿದೆ ಎಂದು ಬರೆಸಿಕೊಂಡು ಬಂದರು.

ಬೋರ್ಡು ಮೂತ್ರಕೋಶಕ್ಕೆ 50 ಎಂದು ಗುರುತಿಸಿತು. 70ಕ್ಕೆ 50 ಸೇರಿಸಿದರೆ 120 ಆಗುವುದಿಲ್ಲವೇ ಎಂದು ಕುಟುಂಬದವರು ಕೇಳಿದ್ದು ಸಹಜ. ಎರಡು ತೊಂದರೆಗಳನ್ನು ಸುಮ್ಮನೆ ಕೂಡುವ ಹಾಗಿಲ್ಲ, ಅದಕ್ಕೊಂದು ಸೂತ್ರವಿದೆ. ದೊಡ್ಡ ಅಂಕಿಯನ್ನು ಹಾಗೇ ಇಟ್ಟುಕೊಳ್ಳಬೇಕು. 90ರಿಂದ ಆ ದೊಡ್ಡ ಅಂಕಿಯನ್ನು ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಬೇಕು. ಬಂದದ್ದನ್ನು ದೊಡ್ಡ ಅಂಕಿಗೆ ಕೂಡಿಸಬೇಕು. ಇಲ್ಲಿ 90ರಲ್ಲಿ 70 ಹೋದರೆ 20, ಅದರ 50 ಪಟ್ಟು 1,000, 90ರಿಂದ ಭಾಗಿಸಿದರೆ 11.1. ಒಟ್ಟು 81.

ಶೇ 70ರಿಂದ 81ಕ್ಕೆ ಹನ್ನೊಂದೇ ಅಂಕ. ಆದರೆ ಆ ಹನ್ನೊಂದರ ನಡುವೆ ಎರಡು ಗೆರೆಗಳಿವೆ. 75 ದಾಟಿದ್ದರಿಂದ ಮಾಸಾಶನ 800ರಿಂದ 1,400ಕ್ಕೆ. 80 ದಾಟಿದ್ದರಿಂದ ನೀಲಿ ಕಾರ್ಡು, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ಬ್ಯಾಟರಿ ಟ್ರೈಸಿಕಲ್‌ಗೆ ಅರ್ಹತೆ. ಚೇತರಿಕೆ ನಿಂತಿದೆ ಎಂದು ಕಂಡದ್ದರಿಂದ ಸರ್ಟಿಫಿಕೇಟ್ ಕೂಡ ಶಾಶ್ವತವಾಯಿತು. ಮೊದಲ ದಿನವೇ 'ಗೊತ್ತಾಗುತ್ತೆ, ಆದರೆ ತಡೆಯೋಕೆ ಆಗಲ್ಲ' ಎಂದಿದ್ದರೆ ಆದೇಶವಾದ ಅಕ್ಟೋಬರಿನಿಂದ ತಿಂಗಳಿಗೆ 600 ರೂ. ಹೆಚ್ಚು ಬರುತ್ತಿತ್ತು.

ಮೊತ್ತ ತಾನಾಗಿ ಏರಲಿಲ್ಲ. ಯುಡಿಐಡಿ ಇರುವುದು ಒಂದು ಇಲಾಖೆಯಲ್ಲಿ, ಮಾಸಾಶನ ಇನ್ನೊಂದರಲ್ಲಿ. ಹೊಸ ಸರ್ಟಿಫಿಕೇಟ್ ಇಟ್ಟು ನಾಡಕಚೇರಿಯಲ್ಲಿ ಮತ್ತೆ ಅರ್ಜಿ ಕೊಟ್ಟ ಮೇಲೆ, 2025ರ ಆಗಸ್ಟಿನಿಂದ 1,400 ಬರತೊಡಗಿತು. ಹಿಂದಿನ ತಿಂಗಳುಗಳ ವ್ಯತ್ಯಾಸ ಬರಲಿಲ್ಲ.

ವಿಮೆಯ ಕಡತ ಅಲ್ಲಿಯವರೆಗೆ ನಿಂತಿತ್ತು. 'ತಾತ್ಕಾಲಿಕ' ಎಂಬ ಪದವನ್ನು ತೋರಿಸಿ ಕಂಪನಿಯವರು ಬಾಕಿ ಇಟ್ಟಿದ್ದರು. ಮರಳಿ ಬಾರದ ನಷ್ಟ ಎಂದು ಸಾಬೀತಾಗದೆ ಅವರು ಕೊಡುವ ಹಾಗಿಲ್ಲ. ಶಾಶ್ವತ ಸರ್ಟಿಫಿಕೇಟ್ ಬಂದ ಮೇಲೂ ಶೇ 81 ಎಂಬುದನ್ನು ನೋಡಿ 'ಪೂರ್ತಿ ಅಲ್ಲವಲ್ಲ' ಎಂಬ ಪ್ರಶ್ನೆ ಎದ್ದಿತು. ಶೇ 81 ಇಡೀ ದೇಹದ ಲೆಕ್ಕ, ಪಾಲಿಸಿ ಕೇಳುವುದು ಪಾದಗಳದ್ದು. ಎರಡೂ ಪಾದಗಳ ಬಲ ಸೊನ್ನೆ, ಬಳಕೆ ಪೂರ್ತಿಯಾಗಿ ಹೋಗಿದೆ, ಮರಳುವ ಸಾಧ್ಯತೆ ಇಲ್ಲ ಎಂದು ಜಿಲ್ಲಾ ಆಸ್ಪತ್ರೆಯ ಮೂಳೆ ತಜ್ಞರಿಂದ ಪ್ರತ್ಯೇಕ ಪತ್ರ ಪಡೆದು ಕೊಟ್ಟ ಮೇಲೆ ಆಕ್ಷೇಪಣೆ ತೆರವಾಯಿತು.

ಹದಿನೆಂಟು ಇಂಚಿಗೆ ಹದಿನೆಂಟು ಅಡಿ

ಗಾಲಿಕುರ್ಚಿ ಸಿಕ್ಕಿದ್ದು ಶಿಬಿರದಲ್ಲಿ. ಎಡಿಪ್ ಯೋಜನೆಯಲ್ಲಿ ತಿಂಗಳ ಆದಾಯ 22,500 ರೂ. ಒಳಗಿದ್ದರೆ ಸಾಧನ ಪೂರ್ತಿ ಉಚಿತ, 30,000ದವರೆಗೆ ಅರ್ಧ ಬೆಲೆ. ಒಂದು ಶಿಬಿರದಲ್ಲಿ ಅಳತೆ ಮತ್ತು ಆಯ್ಕೆ, ಕೆಲವು ತಿಂಗಳ ನಂತರ ಇನ್ನೊಂದರಲ್ಲಿ ವಿತರಣೆ. ಅಳತೆಯ ಶಿಬಿರಕ್ಕೆ ಹೋಗದವರಿಗೆ ವಿತರಣೆಯಲ್ಲಿ ಏನೂ ಇರುವುದಿಲ್ಲ.

ಇವರಿಗೆ ಬಂದದ್ದು 18 ಇಂಚು ಸೀಟಿನ ಸಾಮಾನ್ಯ ಕುರ್ಚಿ. ಕೂತಾಗ ಇವರ ಸೊಂಟದ ಅಗಲ 14 ಇಂಚು. ಎರಡೂ ಪಕ್ಕ ಎರಡೆರಡು ಇಂಚು ಖಾಲಿ ಉಳಿದರೆ ಮೈ ಒಂದು ಕಡೆಗೆ ವಾಲುತ್ತದೆ, ಆ ಕಡೆಯ ಕುಂಡೆಯ ಮೂಳೆಯ ಮೇಲೆ ಭಾರ ಬಿದ್ದು ಮತ್ತೆ ಹುಣ್ಣು. ಸೊಂಟದ ಅಗಲಕ್ಕೆ ಹೆಚ್ಚೆಂದರೆ ಒಂದೆರಡು ಇಂಚು ಸೇರಿಸಿದ ಸೀಟು ಬೇಕು. ಅಳತೆಯ ದಿನ ಟೇಪ್ ಹಿಡಿಸಿ ಆ ಸಂಖ್ಯೆಯನ್ನು ಹಾಳೆಯಲ್ಲಿ ಬರೆಸಬೇಕಿತ್ತು. ಒಂದು ಸಲ ಪಡೆದರೆ ಅದೇ ಸಾಧನ ಮತ್ತೆ ಸಿಗುವುದು ಮೂರು ವರ್ಷದ ನಂತರ. ಆದ್ದರಿಂದ ಸಿಕ್ಕಿದ್ದೇ ಸೀರುಂಡೆ ಎಂದು ತೆಗೆದುಕೊಂಡು ಬರಬಾರದು. ಕುಶನ್ ಕೂಡ ಜೊತೆಗೆ ಇರಲಿಲ್ಲ. ಬೆನ್ನುಹುರಿ ಪೆಟ್ಟಾದವರಿಗೆ ಗಾಲಿಕುರ್ಚಿಗಿಂತ ಕುಶನ್ ಮುಖ್ಯ. ಅದನ್ನು ಪಂಚಾಯಿತಿಯಿಂದ ಕೇಳಿದರು.

ಗ್ರಾಮ ಪಂಚಾಯಿತಿಗಳು ಸ್ವಂತ ಸಂಪನ್ಮೂಲದ ಶೇ 5ನ್ನು ಅಂಗವಿಕಲರಿಗಾಗಿ ಎತ್ತಿಡಬೇಕು. ವರ್ಷದ ಕೊನೆಗೆ ಆ ಹಣ ಖರ್ಚಾಗದೆ ಉಳಿಯುವುದೂ ಉಂಟು, ಏನೋ ಒಂದು ಹಂಚಿ ಮುಗಿಸುವುದೂ ಉಂಟು. ಕೇಳುವ ಅರ್ಜಿ ಪಿಡಿಒ ಅವರಿಗೆ ಬರೆಯಬೇಕು, ಸಾಮಾನ್ಯ ಸಭೆಯ ಮುಂದೆ ಬರಬೇಕು. 'ಸಹಾಯ ಮಾಡಿ' ಎಂದು ಬರೆದರೆ ಸಾಲದು. ವಿಆರ್‌ಡಬ್ಲ್ಯೂ ಬರೆಸಿದ ಅರ್ಜಿಯಲ್ಲಿ ಮೂರೇ ಬೇಡಿಕೆ ಇತ್ತು: ಒಂದು ಕುಶನ್, ಮನೆ ಮುಂದೆ ರ‍್ಯಾಂಪ್, ಬಚ್ಚಲ ಬಾಗಿಲು ಅಗಲ ಮಾಡುವುದು. ಜೊತೆಗೆ ಅಳತೆ ಮತ್ತು ಅಂದಾಜು ವೆಚ್ಚ.

ರ‍್ಯಾಂಪಿನ ವಿಷಯದಲ್ಲಿ ಮೊದಲು ಮೇಸ್ತ್ರಿ ತಪ್ಪಿದರು. ಜಗಲಿ ನೆಲದಿಂದ 18 ಇಂಚು ಎತ್ತರ, ಮೂರು ಮೆಟ್ಟಿಲು. ಮೆಟ್ಟಿಲ ಮೇಲೇ ಸಿಮೆಂಟ್ ಸುರಿದು ಆರು ಅಡಿ ಇಳಿಜಾರು ಮಾಡಿದರು. ಅದರ ಮೇಲೆ ಗಾಲಿಕುರ್ಚಿ ಏರಿಸಲು ಇಬ್ಬರು ಬೇಕಾಯಿತು, ಇಳಿಸುವಾಗ ಮುಗ್ಗರಿಸುವ ಭಯ. ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದ ಬೇಕು ಎನ್ನುವುದು ಅಳತೆ. 18 ಇಂಚಿಗೆ 18 ಅಡಿ ಆಯಿತು. ಅಂಗಳದಲ್ಲಿ ನೇರವಾಗಿ ಅಷ್ಟು ಜಾಗವಿರಲಿಲ್ಲ. ಒಂಬತ್ತು ಅಡಿಗೆ ಒಂದು ಸಮತಟ್ಟು ಕಟ್ಟೆ, ಅಲ್ಲಿಂದ ತಿರುಗಿಸಿ ಗೋಡೆಗುಂಟ ಇನ್ನೊಂಬತ್ತು ಅಡಿ. ಕಟ್ಟೆ ಐದಡಿ ಚೌಕ, ಕುರ್ಚಿ ತಿರುಗಲು ಅಷ್ಟು ಬೇಕೇ ಬೇಕು. ಮಲೆನಾಡಿನ ಮಳೆಗೆ ಪಾಚಿ ಕಟ್ಟುತ್ತದೆ, ಹಾಗಾಗಿ ಮೇಲ್ಮೈಗೆ ಅಡ್ಡ ಗೀರು ಹಾಕಿಸಿದರು, ಅಂಚಿಗೆ ಮೂರಿಂಚು ಏರು ಕಟ್ಟಿಸಿದರು.

ಬಚ್ಚಲ ಬಾಗಿಲು 24 ಇಂಚು, ಕುರ್ಚಿಯ ಹೊರ ಅಗಲ 26. ಎರಡು ಇಂಚಿಗಾಗಿ ಒಂದು ವರ್ಷ ಅವರು ಹಾಸಿಗೆಯಲ್ಲೇ ಸ್ನಾನ ಮಾಡಿದ್ದರು. ಬಾಗಿಲನ್ನು 34 ಇಂಚಿಗೆ ಒಡೆಸಿದ ದಿನ ಅವರೇ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಉಳಿದವು

ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್ ವರ್ಷಕ್ಕೆ 660 ರೂ., ಮನೆಯಿಂದ 100 ಕಿ.ಮೀ. ವರೆಗೆ. ಸೇವಾ ಸಿಂಧುವಿನಲ್ಲಿ ಅರ್ಜಿ. ಇವರು ಮಾಡಿಸಲಿಲ್ಲ. ಹಳ್ಳಿ ಬಸ್ಸಿನ ಮೂರು ಎತ್ತರದ ಮೆಟ್ಟಿಲು ಹತ್ತಲಾಗದವರಿಗೆ ಪಾಸಿನಿಂದ ಏನೂ ಆಗದು. ಊರುಗೋಲಿನಲ್ಲಿ ನಡೆಯುವವರು ಖಂಡಿತ ಮಾಡಿಸಬೇಕು.

ರೈಲಿನಲ್ಲಿ ಜೊತೆಗಾರರಿಲ್ಲದೆ ಹೋಗಲಾಗದ ದೈಹಿಕ ಅಂಗವಿಕಲರಿಗೆ ಸ್ಲೀಪರ್, ಎರಡನೇ ದರ್ಜೆ, ತ್ರೀ ಟಯರ್ ಎಸಿಯಲ್ಲಿ ಶೇ 75, ಟೂ ಟಯರ್ ಮತ್ತು ಫಸ್ಟ್ ಎಸಿಯಲ್ಲಿ ಶೇ 50 ರಿಯಾಯಿತಿ. ಜೊತೆಗಾರರೊಬ್ಬರಿಗೂ ಅಷ್ಟೇ. ರೈಲ್ವೆ ನಮೂನೆಯಲ್ಲಿ 'ಜೊತೆಗಾರರಿಲ್ಲದೆ ಪ್ರಯಾಣ ಸಾಧ್ಯವಿಲ್ಲ' ಎಂದು ಸರ್ಕಾರಿ ಡಾಕ್ಟರು ಬರೆಯಬೇಕು. ಬೋರ್ಡಿಗೆ ಹೋದ ದಿನವೇ ಆ ಫಾರಂ ಒಯ್ದರೆ ಇನ್ನೊಂದು ಪ್ರಯಾಣ ಉಳಿಯುತ್ತದೆ. ಇವರು ಎರಡನೇ ಸಲ ಒಯ್ದಿದ್ದರು.

ಆರೈಕೆದಾರರ ಭತ್ಯೆಯ ಬಗ್ಗೆ ಹೆಂಡತಿ ವಿಚಾರಿಸಿದರು. 2024–25ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ತಿಂಗಳಿಗೆ 1,000 ರೂ. ಭತ್ಯೆ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ. ಬೆನ್ನುಹುರಿ ಪೆಟ್ಟು ಆ ನಾಲ್ಕರಲ್ಲಿಲ್ಲ. ರಾತ್ರಿ ಎರಡು ಸಲ ಎದ್ದು ಗಂಡನ ಮೈ ಹೊರಳಿಸುವವರಿಗೆ ಇದನ್ನು ಹೇಗೆ ಸಮಜಾಯಿಷಿ ಮಾಡುವುದು? ಈ ಪಟ್ಟಿಗೆ ಬೆನ್ನುಹುರಿ ಪೆಟ್ಟು ಸೇರಲೇಬೇಕು.

2025ರ ಕೊನೆಗೆ ಕಡತ ಹೀಗಿತ್ತು. ಮಾಸಾಶನ 1,400 ಪ್ರತಿ ತಿಂಗಳು ಬರುತ್ತಿದೆ. ಒಂದು ಡಯಾಪರಿಗೆ 35 ರೂ., ದಿನಕ್ಕೆ ಎರಡು ಎಂದರೂ ತಿಂಗಳಿಗೆ 2,100 ಆಗುತ್ತದೆ. ಹಾಗಾಗಿ ಮನೆಯಲ್ಲಿರುವಾಗ ಮಡಿಸಿದ ಹತ್ತಿ ಬಟ್ಟೆ, ಹೊರಗೆ ಹೋಗುವಾಗ ಮಾತ್ರ ಡಯಾಪರ್. ಬ್ಯಾಟರಿ ಟ್ರೈಸಿಕಲ್‌ಗೆ ಅಳತೆ ಮುಗಿದಿದೆ, ವಿತರಣೆ ಆಗಿಲ್ಲ. ಮನೆಯಿಂದ ಟಾರು ರಸ್ತೆಗೆ ಇರುವ ಏರು ಮಳೆಗಾಲದಲ್ಲಿ ಕೆಸರಾಗುವುದರಿಂದ ಆ ಎಂಬತ್ತು ಅಡಿಗೆ ಕಾಂಕ್ರೀಟ್ ಹಾಕಿಸಿಕೊಡಿ ಎಂದು ಪಂಚಾಯಿತಿಗೆ ಎರಡನೇ ಅರ್ಜಿ ಹೋಗಿದೆ. ಅರ್ಜಿಯ ಜೊತೆ ಅಳತೆಯ ನಕ್ಷೆ ಇದೆ, ಬರೆದವಳು ಮಗಳು.